ಹಿಂದಿನವನ ಉಸಿರು

ಕಟುಕ ರೊಮೊಲೊ ಎಂದರೆ ಬೊರ್ದಿಗೇರದಲ್ಲಿ ಎಲ್ಲರಿಗೂ ಗೊತ್ತು, ಎಂಜಲು ಕೈಯಲ್ಲಿ ಕಾಗೆ ಓಡಿಸದವನು. ಮಾಂಸ ತೂಗುವಾಗ ತಕ್ಕಡಿಯ ಮುಳ್ಳನ್ನು ಹೇಗೆ ದಿಟ್ಟಿಸುತ್ತಿದ್ದನೋ, ಸೈಕಲ್ ಹತ್ತಿದರೆ ಹೂ ಬೆಳೆಯುವ ಗೆಳೆಯ ಅಂಪೇಲಿಯೊನ ಹಿಂದಿನ ಗಾಲಿಯನ್ನೂ ಹಾಗೆಯೇ ದಿಟ್ಟಿಸುತ್ತಿದ್ದ. ಮೂವತ್ತು ವರ್ಷಗಳಿಂದ ಭಾನುವಾರ ಬಂತೆಂದರೆ ಇಬ್ಬರೂ ಕಡಲ ದಂಡೆ ಬಿಟ್ಟು ಬೆಟ್ಟದ ಮೇಲಿನ ಮೊಂತಾರ್ದೊ ಊರಿಗೆ ಸೈಕಲ್ ತುಳಿಯುತ್ತಿದ್ದರು. ಊರ ಬಾಯಲ್ಲಿ ಹೆಸರಿನ ಹಲಗೆ ಇದೆ. ಅದನ್ನು ಮೊದಲು ದಾಟಿದವನು ಗೆದ್ದಂತೆ, ಸೋತವನು ಇರ್ಮಾಳ ಅಂಗಡಿಯಲ್ಲಿ ವೈನು ಕುಡಿಸಬೇಕು. ಇಷ್ಟು ವರ್ಷಗಳಲ್ಲಿ ಅಂಪೇಲಿಯೊ ಒಮ್ಮೆಯೂ ಗೆದ್ದಿರಲಿಲ್ಲ. ಸೋಲುತ್ತಿದ್ದದ್ದು ಎರಡೇ ಸೈಕಲ್ ಉದ್ದದಲ್ಲಿ, ಆದರೆ ಸೋಲು ಸೋಲೇ. ಅಂಪೇಲಿಯೊನ ಮಗಳ ಮದುವೆಯ ದಿನ ಬೆಳಿಗ್ಗೆಯೂ ರೊಮೊಲೊ ಬಿಟ್ಟುಕೊಟ್ಟಿರಲಿಲ್ಲ. ಅವನ ತಾಯಿ ತೀರಿಕೊಂಡ ವಾರದಲ್ಲೂ ಹಲಗೆಯ ಬಳಿ ಕಾದು ನಿಂತು, "ನಿಮ್ಮವ್ವ ಪುಣ್ಯಾತ್ಗಿತ್ತಿ ಕಣೋ, ನೀನು ಮಾತ್ರ ಆಮೆ" ಎಂದಿದ್ದ.

ಅಂಥವನ ಜೊತೆ ಇವತ್ತು ಮತ್ತೆ ಬೆಟ್ಟ ಹತ್ತಬೇಕೆಂದು ಅಂಪೇಲಿಯೊ ಹಟ ಹಿಡಿದಿದ್ದ. ಚಳಿಗಾಲದಲ್ಲಿ ಅವನ ಹೊಟ್ಟೆ ಕುಯ್ದಿದ್ದರು. "ಹುಣ್ಣು, ತೆಗೆದಿದ್ದೀವಿ, ಬೇಸಿಗೆ ಹೊತ್ತಿಗೆ ಕುದುರೆ ಹಾಗೆ ಆಗ್ತೀರಿ" ಎಂದು ಡಾಕ್ಟರು ಬೆನ್ನು ತಟ್ಟಿ ಕಳಿಸಿದ್ದರು. ಹೆಂಡತಿ ಡೆಲ್ಫೀನಾ ಕೂಡ ಅದನ್ನೇ ಹೇಳಿದಳು, ಮಗಳೂ ಫೋನಿನಲ್ಲಿ ಅದನ್ನೇ ಹೇಳಿದಳು, ಎಲ್ಲರೂ ಒಂದೇ ಮಾತು, ಬಾಯಿಪಾಠ ಮಾಡಿದಂತೆ. ಆದರೆ ಈ ಕುದುರೆಯ ಚಲ್ಲಣ ದಿನದಿನಕ್ಕೆ ದೊಗಳೆಯಾಗುತ್ತಿತ್ತು. ಜುಜುಬಿ ವಿಷಯಕ್ಕೂ ರಂಪ ಮಾಡುತ್ತಿದ್ದ ಡೆಲ್ಫೀನಾ ಕ್ರಿಸ್‌ಮಸ್‌ನಿಂದೀಚೆಗೆ ಒಂದು ಸಲವೂ ಬೈದಿರಲಿಲ್ಲ. ಕೆಸರುಗಾಲಲ್ಲೇ ಅಡುಗೆಮನೆಗೆ ನುಗ್ಗಿದರೂ ಸುಮ್ಮನೆ ಒರೆಸುತ್ತಿದ್ದಳು. ಅವನಿಗೆ ಹೆದರಿಕೆ ಶುರುವಾದದ್ದು ಆಗ.

ಕೇಳೋಣವೆಂದರೆ ಯಾರನ್ನು ಕೇಳುವುದು? ಆ ಕಡೆಯಲ್ಲಿ ಕೆಟ್ಟ ಕಾಯಿಲೆಯ ಹೆಸರನ್ನು ಮನೆಮಂದಿಗೆಲ್ಲ ಹೇಳುತ್ತಾರೆ, ಕಾಯಿಲೆಯವನೊಬ್ಬನಿಗೆ ಬಿಟ್ಟು. ಅದು ಮೋಸವಲ್ಲ, ಮರ್ಯಾದೆ. ಅಂಪೇಲಿಯೊ ತಾನೇ ತನ್ನ ಅಪ್ಪನಿಗೆ "ಏನಿಲ್ಲಪ್ಪ, ಕೆಮ್ಮು" ಎಂದು ಕೊನೆಯ ದಿನದವರೆಗೂ ನಗುನಗುತ್ತಾ ಹೇಳಿದ್ದ. ಹಾಗಾಗಿ ಯಾರ ಬಾಯನ್ನೂ ಅವನು ನಂಬುವಂತಿರಲಿಲ್ಲ. ನಂಬಬಹುದಾದದ್ದು ಒಂದೇ, ರೊಮೊಲೊನ ಕಾಲು. ಎಂದಿನಂತೆ ಎರಡು ಸೈಕಲ್ ಉದ್ದದಲ್ಲಿ ಸೋತರೆ ಮೈ ಕೂಡಿಕೊಳ್ಳುತ್ತಿದೆ ಎಂದರ್ಥ. ಅವನು ಕಣ್ಣಿಗೇ ಕಾಣದಷ್ಟು ಮುಂದೆ ಹೋಗಿಬಿಟ್ಟರೆ ಕಥೆ ಮುಗಿಯಿತೆಂದರ್ಥ. ಹೀಗೆ ಲೆಕ್ಕ ಹಾಕಿಕೊಂಡು ಅಂಪೇಲಿಯೊ ಸೈಕಲ್ಲಿಗೆ ಎಣ್ಣೆ ಬಿಟ್ಟ. ಹೊರಡುವಾಗ ಬಾಗಿಲಲ್ಲಿ ಡೆಲ್ಫೀನಾ ರೊಮೊಲೊಗೆ ಏನೋ ಪಿಸುಗುಟ್ಟಿದಳು. ರೊಮೊಲೊ ತನ್ನ ಬೂಟು ನೋಡಿಕೊಳ್ಳುತ್ತಾ ತಲೆ ಆಡಿಸಿದ.

ಕಾರ್ನೇಷನ್ ಹೂವಿನ ಗಾಜಿನ ಮನೆಗಳು ಮುಗಿದ ಮೇಲೆ ರಸ್ತೆ ಎರಡಾಗುತ್ತದೆ. ಹೊಸದು ಸುರಂಗ ಹೊಕ್ಕು ನೇರ ಹೋಗುತ್ತದೆ, ಲಾರಿ ಕಾರುಗಳೆಲ್ಲ ಅದರಲ್ಲಿ. ಹಳೆಯದು ಆಲಿವ್ ಮರಗಳ ನಡುವೆ ಸುತ್ತಿ ಸುತ್ತಿ ಏರುತ್ತದೆ, ಅಲ್ಲಿ ಬ್ರೆಡ್ಡಿನ ವ್ಯಾನು ಬಿಟ್ಟರೆ ನರಪಿಳ್ಳೆಯಿಲ್ಲ. ಮೇಲೆ ಹೋದಂತೆ ಕಡಲಿನ ಸದ್ದೂ ಕೆಳಗುಳಿಯುತ್ತದೆ. ಆಮೇಲೆ ಕೇಳುವುದು ಚೈನಿನ ಗರಗರ ಮತ್ತು ಹಿಂದಿನವನ ಉಸಿರು, ಅಷ್ಟೇ. ಹಿಂದೆ ಬರುವವನು ಯಾವಾಗಲೂ ರೊಮೊಲೊ. ಎದುರುಗಾಳಿಯನ್ನು ಅಂಪೇಲಿಯೊಗೆ ಬಿಟ್ಟು, ಅವನ ಬೆನ್ನ ಮರೆಯಲ್ಲಿ ಬಿಟ್ಟಿ ಸವಾರಿ ಮಾಡುತ್ತಾ ಬರುವನು, ಗಾಳಿಯಲ್ಲೂ ಜಿಪುಣ. ಊರ ಹೊರಗೆ ಬಟ್ಟೆ ಒಗೆಯುವ ಕಲ್ಲಿನ ತೊಟ್ಟಿ ಬಂದೊಡನೆ, ವೇಗಕ್ಕೆಂದು ಖಟ್ ಎಂದು ಚೈನನ್ನು ಹಲ್ಲಿನ ದೊಡ್ಡ ಚಕ್ರಕ್ಕೆ ಏರಿಸಿ, ಗೂಳಿಯಂತೆ ಏದುಸಿರು ಬಿಡುತ್ತಾ ಪಕ್ಕದಿಂದ ನುಗ್ಗಿಬಿಡುವನು. ಹಲಗೆ ದಾಟಿದ ಮೇಲೆ ಕೆಮ್ಮಿ, ಉಗಿದು, ಗೊತ್ತಿರುವ ಸಂತರನ್ನೆಲ್ಲ ಹೆಸರು ಹಿಡಿದು ಬೈಯುವನು.

ಇವತ್ತು ಅಂಪೇಲಿಯೊ ತುಳಿಯುತ್ತಿದ್ದದ್ದು ನಡೆಯುವವನಷ್ಟೇ ನಿಧಾನವಾಗಿ. ಹೊಟ್ಟೆಯ ಹೊಲಿಗೆ ಒಳಗಿಂದ ಜಗ್ಗುತ್ತಿತ್ತು.

"ಏನೋ, ನನ್ನ ಅಂಗಡೀಲಿ ನೇತು ಹಾಕಿರೋ ಕುರಿ ನಿನಗಿಂತ ಜೋರಾಗಿ ಹೋಗುತ್ತೆ" ಎಂದ ರೊಮೊಲೊ ಹಿಂದಿನಿಂದ.

"ನಿನ್ನ ತಕ್ಕಡೀಲಿ ಎಲ್ಲಾ ಜೋರಾಗೇ ಕೆಳಗಿಳಿಯುತ್ತಲ್ಲ, ಅದಕ್ಕೇ" ಎಂದ ಅಂಪೇಲಿಯೊ.

ಇಬ್ಬರೂ ನಕ್ಕರು. ಅಂಪೇಲಿಯೊಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹೀಗೆ ಮುಲಾಜಿಲ್ಲದೆ ಯಾರೂ ತನ್ನೊಡನೆ ಮಾತಾಡಿ ತಿಂಗಳುಗಳಾಗಿದ್ದವು.

ತೊಟ್ಟಿ ಬಂತು. ಅಂಪೇಲಿಯೊ ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಕಾಲಿಗೆ ಹಾಕಿದ. ಈಗ ಬಂದ, ಈಗ ಬಂದ ಎಂದು ಕಿವಿ ಹಿಂದೆಯೇ ಇತ್ತು. ಯಾರೂ ಬರಲಿಲ್ಲ. ಕಣ್ಣು ಬಿಟ್ಟರೆ ಹಲಗೆ ಮೊಳದ ದೂರದಲ್ಲಿ, ಮರುಕ್ಷಣ ಅದು ಹಿಂದೆ. ಮೂವತ್ತು ವರ್ಷಗಳ ಮೇಲೆ ಅಂಪೇಲಿಯೊ ಗೆದ್ದಿದ್ದ.

"ಗೆದ್ದೆ! ಲೇ ಕಟುಕಾ, ಗೆದ್ದೆ ಕಣೋ!" ಎಂದು ಹುಡುಗನಂತೆ ಕೂಗಿದ. ಚರ್ಚಿನ ಗೋಡೆಗೆ ಆತು ನಿಂತು ಎದೆ ಹಿಡಿದುಕೊಂಡ, ಕಣ್ಣಲ್ಲಿ ನೀರು ಬಂತು. ಬದುಕುತ್ತೇನೆ, ಬೇಸಿಗೆಗೆ ಕುದುರೆಯೇ ಆಗುತ್ತೇನೆ, ಡಾಕ್ಟರು ಹೇಳಿದ್ದು ನಿಜ ಎಂದುಕೊಂಡ. ಅಷ್ಟು ಸುಖವನ್ನು ಅವನು ಆ ವರ್ಷ ಮತ್ತೆ ಕಾಣಲಿಲ್ಲ.

"ಮಾರಾಯ, ಎಲ್ಲಿಂದ ತಂದೆಯೋ ಆ ಕಾಲು! ನನ್ನ ಉಸಿರೇ ನಿಂತುಹೋಯ್ತು" ಎನ್ನುತ್ತಾ ರೊಮೊಲೊ ಬಂದು ಅವನ ಭುಜ ತಟ್ಟಿದ. ಹೇಳಿದ ಮೇಲೆ ಬಾಯಿ ಮುಚ್ಚಿದ, ಮೂಗಿನಲ್ಲೇ ಉಸಿರಾಡಿದ. ಕೆಮ್ಮಲಿಲ್ಲ, ಉಗಿಯಲಿಲ್ಲ, ಒಬ್ಬ ಸಂತನಿಗೂ ಬೈಗುಳ ಬೀಳಲಿಲ್ಲ. ಅಂಪೇಲಿಯೊನ ಕಣ್ಣು ತಾನಾಗಿ ಅವನ ಸೈಕಲ್ಲಿಗೆ ಇಳಿಯಿತು. ಚೈನು ಸಣ್ಣ ಚಕ್ರದ ಮೇಲೇ ಇತ್ತು. ಏರಿ ಹತ್ತುವಾಗ ಹೇಗಿತ್ತೋ ಹಾಗೇ.

ಇರ್ಮಾಳ ಅಂಗಡಿಯಲ್ಲಿ ರೊಮೊಲೊ ತಾನೇ ಮುಂದಾಗಿ ವೈನು ತರಿಸಿದ, ಕಡಲೆಹಿಟ್ಟಿನ ಬಿಸಿ ರೊಟ್ಟಿಯನ್ನೂ ತರಿಸಿದ.

"ರೊಮೊಲೊ ದುಡ್ಡು ಬಿಚ್ತಿದಾನಾ? ಹೊರಗೆ ಹಾಕಿರೋ ಬಟ್ಟೆ ತೆಗೀತೀನಪ್ಪ, ಆಲಿಕಲ್ಲು ಬೀಳುತ್ತೆ ಇವತ್ತು" ಎಂದಳು ಇರ್ಮಾ.

"ಗೆದ್ದವನಿಗೆ ಕುಡಿಸ್ಬೇಕಲ್ಲಮ್ಮ. ಏನು ತುಳಿದ ಅಂತೀಯ! ನೀನು ನೋಡ್ಬೇಕಿತ್ತು" ಎಂದ ರೊಮೊಲೊ. ಇನ್ನೂ ಹೊಗಳಿದ. ಅವನು ಹೊಗಳಿದಷ್ಟೂ ಅಂಪೇಲಿಯೊ ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡುತ್ತಾ ಕೂತ. ಸೋತರೆ ಏನು, ತೀರಾ ಹಿಂದೆ ಬಿದ್ದರೆ ಏನು ಎಂದೆಲ್ಲ ಲೆಕ್ಕ ಹಾಕಿದ್ದವನು ಗೆದ್ದರೆ ಏನೆಂದು ಯೋಚಿಸಿಯೇ ಇರಲಿಲ್ಲ.

ವಾಪಸು ಬರುವ ದಾರಿ ಬೆಟ್ಟದ ಇನ್ನೊಂದು ಮಗ್ಗುಲಿನಲ್ಲಿ ಚೆಸ್ಟ್‌ನಟ್ ಕಾಡಿನೊಳಗೆ ಇಳಿಯುತ್ತದೆ. ನಡುವೆ ಅರ್ಬೋರ ಎಂಬ ಹಾಳು ಊರು. ಜನರೆಲ್ಲ ಕಡಲ ಕಡೆಗೆ ಹೋಗಿ ಯಾವ ಕಾಲವಾಯಿತೋ, ಹಾಳು ಮನೆಗಳ ಮುಂದೆ ಹೆಸರಿನ ಹಲಗೆ ಇನ್ನೂ ನಿಂತಿದೆ. ಅದು ಕಾಣುವ ನೇರ ರಸ್ತೆಗೆ ಬಂದಾಗ ಅಂಪೇಲಿಯೊ ಸೈಕಲ್ ನಿಲ್ಲಿಸಿದ.

"ನಿನ್ನ ಚೈನು ಸಣ್ಣ ಚಕ್ರದಲ್ಲಿತ್ತು."

"ಹೌದಾ? ಏರಿಸೋದು ಮರೆತೆ ಕಣೋ. ವಯಸ್ಸಾಯ್ತು."

"ಮೂವತ್ತು ವರ್ಷದಲ್ಲಿ ಮರೀದಿದ್ದೋನು."

"ಅದಕ್ಕೇ ಅಂದೆ, ವಯಸ್ಸಾಯ್ತು ಅಂತ."

"ಡೆಲ್ಫೀನಾ ಏನಂದ್ಲು ನಿನಗೆ?"

"ಏನಂತಾಳೆ? ಹುಣ್ಣು ಅಂದ್ಲು. ಹುಣ್ಣೇ ತಾನೇ?" ರೊಮೊಲೊ ಎಲ್ಲಿ ನೋಡಬೇಕೆಂದು ತಿಳಿಯದೆ ಬ್ರೇಕಿನ ತಂತಿ ಎಳೆದು ಎಳೆದು ನೋಡುತ್ತಿದ್ದ.

"ಹಾಗಾದ್ರೆ ಸೋಲಿಸು" ಎಂದ ಅಂಪೇಲಿಯೊ. "ಅಗೋ ಹಲಗೆ. ಬರೀ ಹುಣ್ಣಾದವನನ್ನ ಸೋಲಿಸೋಕೆ ಏನು ಕಷ್ಟ? ದೊಡ್ಡ ಚಕ್ರಕ್ಕೆ ಹಾಕು. ನನ್ನವ್ವ ಸತ್ತಾಗ ಸೋಲಿಸಿದೆಯಲ್ಲ, ಹಾಗೆ ಸೋಲಿಸು. ಕೈ ಮುಗೀತೀನಿ ಕಣೋ, ನಂಗೆ ಭಿಕ್ಷೆ ಹಾಕ್ಬೇಡ."

ರೊಮೊಲೊ ಬ್ರೇಕಿನ ತಂತಿ ಬಿಟ್ಟ. ಖಟ್ ಎಂದು ಚೈನು ಏರಿಸಿದ. ಇಬ್ಬರೂ ಹೊರಟರು. ಒಂದೆರಡು ತುಳಿತಕ್ಕೇ ಅವನು ಎಷ್ಟೋ ಮುಂದೆ ಹೋಗಿದ್ದ. ಅವನ ಅಗಲವಾದ ಬೆನ್ನು ದೂರವಾಗುವುದನ್ನು ನೋಡುತ್ತಾ ಅಂಪೇಲಿಯೊ ಮನಸ್ಸಿನಲ್ಲೇ ಬೇಡಿಕೊಂಡ. ಹೋಗು ಮಾರಾಯ, ಹೋಗು, ದಾಟಿಬಿಡು, ದಾಟಿ ನಿಂತು ಆಮೆ ಎಂದು ಬೈಯಿ. ಬದುಕಿನಲ್ಲಿ ಯಾವ ಗೆಲುವನ್ನೂ ಅವನು ಆ ಸೋಲಿನಷ್ಟು ಆಸೆಪಟ್ಟಿರಲಿಲ್ಲ.

ಹಲಗೆಗೆ ಇನ್ನು ಇಪ್ಪತ್ತು ಮಾರು ದೂರವಿದೆ ಎನ್ನುವಾಗ ರೊಮೊಲೊನ ಕಾಲು ನಿಂತಿತು. ಸೈಕಲ್ ತಾನಾಗಿ ನಿಧಾನವಾಗಿ ರಸ್ತೆಯ ಅಂಚಿಗೆ ಹೋಯಿತು. ಅವನು ಇಳಿದು, ಹ್ಯಾಂಡಲ್ ಮೇಲೆ ಹಣೆಯಿಟ್ಟು ನಿಂತ. ದಿನವೂ ಕೊಡಲಿ ಬೀಸುವ ಆ ದಪ್ಪ ಹೆಗಲುಗಳು ಕುಲುಕುತ್ತಿದ್ದವು. ಆ ರಸ್ತೆಯಲ್ಲಿ ಬೇರೆ ಸದ್ದೇ ಇಲ್ಲದ್ದರಿಂದ ಅವನು ಬಿಕ್ಕುವುದು ಅಷ್ಟು ದೂರಕ್ಕೂ ಕೇಳಿಸಿತು.

ಅಂಪೇಲಿಯೊ ತುಳಿಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ತಾನೂ ಅಳಬೇಕಾಗುತ್ತಿತ್ತು. ಸ್ನೇಹಿತನ ಪಕ್ಕದಿಂದ ಹಾದು ಹಲಗೆ ದಾಟಿದ. ಸಾಯುತ್ತೇನೆ ಎಂದುಕೊಂಡ. ಸಾಯಲು ಇಷ್ಟವಿರಲಿಲ್ಲ. ಗಾಜಿನ ಮನೆಯಲ್ಲಿ ಹೊಸ ಸಸಿ ನೆಟ್ಟಿದ್ದ, ಮಗಳು ಬಸುರಿಯಾಗಿದ್ದಳು, ಮುಂದಿನ ಭಾನುವಾರವೂ ಈ ರಸ್ತೆ ಹೀಗೇ ಇಲ್ಲಿ ಬಿದ್ದಿರುತ್ತದೆ. ಹಾಳು ಮನೆಗಳ ಕಿಟಕಿಗಳತ್ತ ತಿರುಗಿ ಒಮ್ಮೆ ಜೋರಾಗಿ ಕೂಗಬೇಕೆನಿಸಿತು. ಕೂಗಲು ಉಸಿರಿರಲಿಲ್ಲ.

ರೊಮೊಲೊ ಸೈಕಲ್ ತಳ್ಳಿಕೊಂಡು ಬಂದ. ಅಂಗೈಯಲ್ಲಿ ಮುಖ ಒರೆಸಿಕೊಂಡ.

"ಅವಳಿಗೆ ಮಾತು ಕೊಟ್ಟಿದ್ದೆ" ಎಂದ. "ನಿನಗೆ ಗೊತ್ತಾಗ್ಬಾರ್ದು ಅಂತ ಪ್ರಮಾಣ ಮಾಡಿಸ್ಕೊಂಡಿದ್ಲು. ಗೊತ್ತಾದ್ರೆ ನೀನು ಅವತ್ತೇ ಸಾಯ್ತೀಯಂತೆ."

"ನಂಗೇನೂ ಗೊತ್ತಾಗಿಲ್ಲ" ಎಂದ ಅಂಪೇಲಿಯೊ. "ನೀನೂ ಏನೂ ಹೇಳಿಲ್ಲ. ನಡಿ, ಊಟಕ್ಕೆ ಹೊತ್ತಾಯ್ತು."

ಇಬ್ಬರೂ ಕಡಲಿನ ಸದ್ದಿನತ್ತ ಇಳಿದರು. ಮೂವತ್ತು ವರ್ಷಗಳಲ್ಲಿ ಮೊದಲ ಸಲ ರೊಮೊಲೊ ದಾರಿಯುದ್ದಕ್ಕೂ ಮುಂದಿದ್ದ, ಗಾಳಿಯನ್ನೆಲ್ಲ ತಾನೇ ತೆಗೆದುಕೊಂಡ. ಅಂಪೇಲಿಯೊ ಬೇಡವೆನ್ನಲಿಲ್ಲ.

ಡೆಲ್ಫೀನಾ ಗೇಟಿನಲ್ಲೇ ಕಾಯುತ್ತಿದ್ದಳು. ಕೈಯಲ್ಲಿ ಸೌಟು ಹಿಡಿದೇ ಬಂದುಬಿಟ್ಟಿದ್ದಳು. ಗಂಡನ ಮುಖವನ್ನು ನೋಡಿದಳು, ಬೀದಿಯ ತಿರುವಿನಲ್ಲಿ ಮರೆಯಾಗುತ್ತಿದ್ದ ರೊಮೊಲೊನ ಬೆನ್ನನ್ನು ನೋಡಿದಳು.

"ಯಾರು ಗೆದ್ರು?" ಎಂದಳು. ದನಿ ಸಣ್ಣದಾಗಿತ್ತು.

ಅಂಪೇಲಿಯೊ ಸೈಕಲ್ಲನ್ನು ಗೋಡೆಗೆ ಒರಗಿಸಿದ.

"ಇನ್ಯಾರು? ಅವನೇ. ನೋಯ್ತಿರೋ ಮನುಷ್ಯ ಅಂತಲೂ ನೋಡ್ಲಿಲ್ಲ ಆ ಕಟುಕ. ಎರಡು ಸೈಕಲ್ ಉದ್ದ."

ಡೆಲ್ಫೀನಾ ಬಿಗಿ ಹಿಡಿದಿದ್ದ ಉಸಿರನ್ನು ಬಿಟ್ಟಳು. ಮುಖಕ್ಕೆ ರಕ್ತ ಬಂತು.

"ಕರುಳೇ ಇಲ್ಲ ಅವನಿಗೆ! ನಾಳೆ ಅಂಗಡಿಗೆ ಹೋಗಿ ಗ್ರಹಚಾರ ಬಿಡಿಸ್ತೀನಿ" ಎಂದು ಸಂತೋಷದಿಂದ ಬೈದಳು. "ಎರಡೇ ಉದ್ದ ತಾನೇ? ಮುಂಚೆಯೂ ಅಷ್ಟೇ ಇತ್ತಲ್ಲ. ನಾನು ಹೇಳಿರ್ಲಿಲ್ವಾ, ನೀನು ಹುಷಾರಾಗ್ತಿದ್ದೀಯ ಅಂತ?"

"ಹೇಳಿದ್ದೆ" ಎಂದ ಅಂಪೇಲಿಯೊ.

"ಬೇಸಿಗೆ ಬರ್ಲಿ, ನೀನೇ ಗೆಲ್ತೀಯ. ಬಾ, ಮೊಲದ ಸಾರು ಮಾಡಿದೀನಿ."

ಅವನು ಮೇಜಿಗೆ ಬಂದು ಕೂತ. ಅವಳು ಬಡಿಸಿ ಎದುರಿಗೇ ನಿಂತಳು, ತುತ್ತು ತುತ್ತಿಗೂ ಅವನ ಬಾಯನ್ನೇ ನೋಡುತ್ತಿದ್ದಳು. ಒಂದು ತುತ್ತೂ ಸೇರುತ್ತಿರಲಿಲ್ಲ. ಅಂಪೇಲಿಯೊ ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದು, ಇನ್ನೊಂದು ಸೌಟು ಹಾಕು ಎಂದ.