ಬೀಳ್ಕೊಡುಗೆಯ ಭಾಷಣ

ಪಾದದ ಗಂಟಿನ ಮೇಲೆ ಕೂದಲೆಳೆಯಂಥ ಸೂಜಿ ಚುಚ್ಚಿ, ವೈರು ಸಿಕ್ಕಿಸಿ, ಡಾಕ್ಟರು ಪುಟ್ಟ ಪೆಟ್ಟಿಗೆಯ ಗುಂಡಿ ತಿರುಗಿಸಿದರು. ಅಲಮೇಲುವಿನ ಹೆಬ್ಬೆರಳು ತಾನಾಗಿ ಅದುರಿತು. ಕಾಲಿನ ಈ ನರಕ್ಕೆ ಕರೆಂಟು ಕೊಟ್ಟರೆ ಮೂತ್ರಕೋಶದ ಆತುರ ತಗ್ಗುತ್ತದೆ, ವಾರಕ್ಕೊಮ್ಮೆ ಅರ್ಧ ಗಂಟೆಯಂತೆ ಹನ್ನೆರಡು ವಾರ ಬರಬೇಕು ಎಂದರು.

"ಜುಲೈ ಮೂವತ್ತೊಂದರೊಳಗೆ ಮುಗಿಯತ್ತಾ ಡಾಕ್ಟ್ರೇ?"

ಅಂದು ಗಿರಿಜಾದೇವಿಯವರ ನಿವೃತ್ತಿ.

ಬನಶಂಕರಿಯ ಆ ಶಾಲೆಯಲ್ಲಿ ಅವರು ಮುಖ್ಯೋಪಾಧ್ಯಾಯಿನಿ, ಅಲಮೇಲು ಗಣಿತದ ಟೀಚರು. ಟೀಚರುಗಳ ಶೌಚಾಲಯದ ಬೀಗದ ಕೈ ಗಿರಿಜಾದೇವಿಯವರ ಮೇಜಿನ ಮೇಲಿರುತ್ತಿತ್ತು. ಪೀರಿಯಡ್ಡಿನ ನಡುವೆ ಯಾರಿಗೂ ಕೊಡುತ್ತಿರಲಿಲ್ಲ. ಹಿಂದಿನ ವರ್ಷ ಇನ್‌ಸ್ಪೆಕ್ಷನ್ ದಿನ ಅಲಮೇಲು ಎರಡು ಸಲ ಹೋಗಿ ಬೇಡಿದಳು. ಬಂದಿದ್ದ ಅಧಿಕಾರಿಯ ಎದುರೇ ಅವರು, "ಎಲ್‌ಕೆಜಿ ಮಕ್ಕಳೇ ತಡ್ಕೋತಾರೆ, ನಿಮಗೇನಮ್ಮ?" ಎಂದು ನಕ್ಕರು. ಹತ್ತು ನಿಮಿಷ ಕಳೆಯುವುದರೊಳಗೆ, ಎಂಟನೇ ಕ್ಲಾಸಿನ ಬೋರ್ಡಿನ ಮುಂದೆ, ಅಲಮೇಲುವಿನ ಸೀರೆ ಒದ್ದೆಯಾಯಿತು. ನಲವತ್ತು ಮಕ್ಕಳು ನೋಡಿದರು. ವರ್ಷವಿಡೀ ಕಾರಿಡಾರಿನಲ್ಲಿ ಅವಳ ಬೆನ್ನ ಹಿಂದೆ ಯಾರೋ ನಲ್ಲಿ ಸುರಿಯುವ ಸದ್ದು ಮಾಡುತ್ತಿದ್ದರು.

ಎಂಟನೇ ವಾರ ಅವಳು ನಡುವೆ ಎಲ್ಲೂ ಇಳಿಯದೆ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಹೋಗಿ ಬಂದಳು. ಹನ್ನೆರಡನೇ ವಾರ, ಎಷ್ಟು ಹೊತ್ತು ತಡೆಯುತ್ತೀರಿ ಎಂದು ಡಾಕ್ಟರು ಕೇಳಿದಾಗ, ಮೂರು ಗಂಟೆ ಎಂದಳು.

ಬೀಳ್ಕೊಡುಗೆ ಸಮಾರಂಭದಲ್ಲಿ ಕೊನೆಯ ಭಾಷಣವನ್ನು ಅವಳೇ ಕೇಳಿ ಪಡೆದಳು. ಅಷ್ಟು ಹೊತ್ತಿಗೆ ಗಿರಿಜಾದೇವಿ ಹಾರ, ಶಾಲು, ಎರಡು ಲೋಟ ಮಜ್ಜಿಗೆ ಸ್ವೀಕರಿಸಿ ವೇದಿಕೆಯ ಮೇಲೆ ಎರಡು ಗಂಟೆ ಕೂತಾಗಿತ್ತು. ಸಕ್ಕರೆ ಕಾಯಿಲೆಯವರು. ಅಲಮೇಲು ಅವರ ಸೇವೆಯನ್ನು ಒಂದೊಂದೇ ವರ್ಷವಾಗಿ ಹೊಗಳತೊಡಗಿದಳು. ತೊಂಬತ್ತೆಂಟನೇ ಇಸವಿಗೆ ಬರುವಷ್ಟರಲ್ಲಿ ಜವಾನ ಬೋರಯ್ಯ ಚೀಟಿ ತಂದುಕೊಟ್ಟ. ಬೇಗ ಮುಗಿಸಿ ಎಂದು ಗಿರಿಜಾದೇವಿ ಬರೆದಿದ್ದರು.

"ಮೇಡಂ ವಿನಯ ನೋಡಿ, ಮಕ್ಕಳೇ. ಹೊಗಳಿದ್ದು ಸಾಕಂತೆ."

ಸಭೆ ಚಪ್ಪಾಳೆ ತಟ್ಟಿತು. ಗಿರಿಜಾದೇವಿ ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು.

"ಕೂತ್ಕೊಳ್ಳಿ ಮೇಡಂ, ನಿಮ್ಮ ಬಗ್ಗೇನೇ ಹೇಳ್ತಿರೋದು."

ಮತ್ತೆ ಚಪ್ಪಾಳೆ. ಅವರು ಕೂತರು. ಅಲಮೇಲು ಎರಡು ಸಾವಿರದ ಮೂರನ್ನು ಮುಗಿಸಿ ನಾಲ್ಕಕ್ಕೆ ಬಂದಾಗ ಅವರ ಮುಖದ ಬಿಗಿ ಥಟ್ಟನೆ ಸಡಿಲವಾಯಿತು. ಆ ಸಡಿಲ ಏನೆಂದು ಅವಳಿಗೆ ಗೊತ್ತಿತ್ತು. ಉಳಿದ ವರ್ಷಗಳನ್ನು ಬಿಟ್ಟು ನಮಸ್ಕಾರ ಹೇಳಿದಳು.

ಗಿರಿಜಾದೇವಿ ಹೆಗಲ ಶಾಲನ್ನು ಮಡಿಲಿಗೆಳೆದುಕೊಂಡರು. ಅಲಮೇಲು ಹತ್ತಿರ ಬಂದಾಗ, ತುಟಿ ಮಾತ್ರ ಅಲುಗಿಸಿ, "ಎಲ್ಲರನ್ನೂ ಕಳಿಸಮ್ಮ" ಎಂದರು.

ಫೋಟೋದವನು ಎಲ್ಲರೂ ಎದ್ದು ನಿಲ್ಲಿ ಎಂದ. ಒಬ್ಬರನ್ನುಳಿದು ಎಲ್ಲರೂ ಎದ್ದರು. ಅಲಮೇಲು ಆ ಕುರ್ಚಿಯ ಹಿಂದೆ ಹೋಗಿ, ಸೆರಗು ಸರಿಮಾಡಿಕೊಂಡು, ಕ್ಯಾಮೆರಾದ ಕಡೆ ನೋಡುತ್ತ ನಿಂತಳು.