ಫಿರಕಿ ತಂಬಿಗೆಯ ಫೋಟೊ

ನಮ್ಮ ಮನೆಯವರ ಡಿಜಿಟಲ್ ಕ್ಯಾಮೆರಾ ನೋಡಿದರೆ ನನಗೆ ಮೈಯುರಿಯುತ್ತದೆ. ಹೋದ ವರ್ಷ, ಎರಡು ಸಾವಿರದ ಏಳರ ದೀಪಾವಳಿಗೆ ತಂದರು. ಅಂಗಳದ ಒಂದೇ ಗುಬ್ಬಿಯನ್ನು ನಲವತ್ತು ಸಲ ಹೊಡೆಯುತ್ತಾರೆ, ಮೂವತ್ತೊಂಬತ್ತು ಅಳಿಸುತ್ತಾರೆ. ರೋಲಿಗೆ ಮೂವತ್ತಾರೇ ಫೋಟೊ ಇದ್ದ ಕಾಲದಲ್ಲಿ ಒಂದೇ ಒಂದಕ್ಕೆ ಈ ಮಹಾನುಭಾವರು ನನ್ನನ್ನು ಎಷ್ಟು ಕಾಡಿಸಿದರೆಂದು ಯಾರ ಮುಂದೆ ಹೇಳಲಿ? ಗೋಡೆಯ ಮೇಲಿನ ಎರಡು ಕಪ್ಪು-ಬಿಳುಪು ಫೋಟೊಗಳಿಗೇ ಗೊತ್ತು.

ನಮ್ಮ ಮದುವೆಯದು ಒಂದೂ ಜೋಡಿ ಫೋಟೊ ಇಲ್ಲ. ಅತ್ತೆ ಸೀತಾಬಾಯಿಯವರ ಕಟ್ಟಪ್ಪಣೆ ಅದು. ಗಂಡ ಹೆಂಡತಿ ಪಕ್ಕಪಕ್ಕ ನಿಂತು ಫೋಟೊ ತೆಗೆಸಿಕೊಂಡರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವರ ತೌರಿನಲ್ಲಿ ನಂಬುತ್ತಿದ್ದರು. ಮಾವನವರು ಮೂವತ್ತೆರಡಕ್ಕೇ ಕಾಮಾಲೆಯಾಗಿ ಹೋಗಿದ್ದರು. ಇದ್ದೊಬ್ಬ ಮಗನ ವಿಷಯದಲ್ಲಿ ಅತ್ತೆ ಯಾವ ನಂಬಿಕೆಯನ್ನೂ ಬಿಡಲು ತಯಾರಿರಲಿಲ್ಲ. ಕ್ಯಾಮೆರಾ ಹಿಡಿದು ಬಂದ ನನ್ನ ಸೋದರಮಾವ ಅವರ ಒಂದು ನೋಟಕ್ಕೇ ಹೆದರಿ, ಊಟದ ಪಂಕ್ತಿಯನ್ನಷ್ಟೇ ತೆಗೆದ. ಗೆಳತಿಯರ ಮನೆಯ ಷೋಕೇಸಿನಲ್ಲಿ ಜೋಡಿ ಫೋಟೊ, ನಮ್ಮ ಮನೆಯಲ್ಲಿ ಹೋಳಿಗೆ ತಿನ್ನುವ ಬೀಗರು!

ನಮ್ಮವರು, ಧೀರೇಂದ್ರ, ಸೇಡಂನಲ್ಲಿ ಹೈಸ್ಕೂಲಿನ ವಿಜ್ಞಾನದ ಮಾಸ್ತರರು. ಶಹಾಬಾದಿನಲ್ಲಿ ಸ್ಟುಡಿಯೋ ಇಟ್ಟಿದ್ದ ಮೆಹತಾಬನಿಂದ ಹಳೆಯ ಕ್ಯಾಮೆರಾ ಕೊಂಡಿದ್ದರು. ತೊಂಬತ್ನಾಲ್ಕರ ಬೇಸಿಗೆ ರಜೆಯಲ್ಲಿ ಚಿಂಚೋಳಿಯ ಕಾಡಿಗೆ ಹೋಗೋಣ ಎಂದರು.

"ಈ ಬಿಸಲಾಗ ಅಡವ್ಯಾಗ ಏನದ?" ಅಂದರು ಅತ್ತೆ.

"ಹಕ್ಕಿ ಅವ ಅವ್ವಾ."

"ಹಕ್ಕಿ ನಮ್ಮ ಮಾಳಿಗಿ ಮ್ಯಾಲೂ ಅವ."

ನನ್ನ ಲೆಕ್ಕವೇ ಬೇರೆಯಿತ್ತು. ಸುಲೇಪೇಟದಲ್ಲಿ ಬಸ್ಸು ನಿಂತಾಗ ಕೇಳಿಯೇಬಿಟ್ಟೆ: "ಮೂವತ್ತಾರರಾಗ ಒಂದು ನಮ್ಮಿಬ್ಬರದು. ಅವ್ವಗ ಹೇಳೂದು ಬ್ಯಾಡ."

"ಕೊನೀಗ ನೋಡೋಣಂತ," ಅಂದರು. ಹಕ್ಕಿಗೆ ಮೊದಲ ಪಂಕ್ತಿ, ಹೆಂಡತಿಗೆ ಕೊನೆಯದು.

ಚಂದ್ರಂಪಳ್ಳಿಯ ಕೆರೆಯ ದಂಡೆಯ ಬಂಗಲೆಯಲ್ಲಿ ಮೂರು ದಿನ ಇದ್ದೆವು. ಕಾಡಿನ ಕಾವಲುಗಾರ ದಶರಥ ಬೆಳಕು ಹರಿಯುವುದರೊಳಗೆ ಬಂದು ಕರೆದೊಯ್ಯುತ್ತಿದ್ದ. ಎಲೆ ಉದುರಿಸಿ ನಿಂತ ತೇಗದ ಮರಗಳು, ಬತ್ತಿದ ಹಳ್ಳ, ಕಲ್ಲು ಏರುವುದು, ಕಲ್ಲು ಇಳಿಯುವುದು. ಒಣಗಿದ ತೇಗದೆಲೆ ಕಾಲಡಿ ಹಪ್ಪಳದಂತೆ ಮುರಿಯುತ್ತಿತ್ತು. "ಹರಿಪ್ರಿಯಾ, ಸಪ್ಪಳಾ ಮಾಡಬ್ಯಾಡ!" ಎಂದು ಹಿಂತಿರುಗಿ ಗದರುತ್ತಿದ್ದರು. ಎಲೆಗೇನು ನಾನು ಹೇಳಿಕೊಟ್ಟಿದ್ದೆನೇ? ಸಿಟ್ಟು ಬಂದಾಗಲೆಲ್ಲ ದಶರಥ ನನ್ನ ಕೈಗೆ ನಾಲ್ಕು ತುಮರಿ ಹಣ್ಣು ಇಡುತ್ತಿದ್ದ. "ತಿನ್ರಿ ಅಕ್ಕೋರೆ, ಮಾಸ್ತರ ಹಕ್ಕಿ ಹಿಡಿಯಾಕತ್ತಾರ," ಅಂತ.

ಬಯ್ಯುತ್ತಿದ್ದೆ ನಿಜ, ಆದರೆ ಅಷ್ಟು ಸುಖದ ದಿನ ಮತ್ತೆ ಬರಲಿಲ್ಲ. ತಲೆಯ ಮೇಲೆ ಸೆರಗಿಲ್ಲ, ಮಡಿಯಿಲ್ಲ, ಎಷ್ಟೊತ್ತಿಗೆ ಏಳಬೇಕೆಂದು ಹೇಳುವವರಿಲ್ಲ. ಮೂರನೆಯ ದಿನ ಮಡುವಿನ ಮೇಲೆ ಬಾಗಿದ ಕೊಂಬೆಗೆ ರಾಜಹಕ್ಕಿ ಬಂತು. ಬೆಳ್ಳಗೆ, ಮೊಳದುದ್ದ ಬಾಲ. ಎರಡು ತಾಸು ಕಾದಿದ್ದರು. ಫೋಟೊ ಹೊಡೆದ ಖುಷಿಗೆ ದಶರಥನ ಎದುರಿಗೇ ನನ್ನ ಕೈ ಹಿಡಿದು ಕುಣಿದರು.

"ಮೂವತ್ತೈದು ಆತು. ಉಳದದ್ದು ನಂದು," ಅಂದೆ ನಾನು.

ಮಡುವಿನ ಕಲ್ಲಿನ ಮೇಲೆ ಇಬ್ಬರೂ ಕೂತೆವು. ಕ್ಯಾಮೆರಾವನ್ನೇ ಮುಟ್ಟಿರದ ದಶರಥ ಉಸಿರು ಬಿಗಿಹಿಡಿದು, "ನಗ್ರಿ," ಎಂದು ತಾನೇ ನಕ್ಕು ಗುಂಡಿ ಒತ್ತಿದ.

ಸೇಡಂಗೆ ಬಂದು, ಉಂಡು, ಸತ್ತವರ ಹಾಗೆ ಮಲಗಿದೆವು. ಏಳುವಷ್ಟರಲ್ಲಿ ಅನಾಹುತವಾಗಿತ್ತು. ಬಸ್ಸು, ಅಡವಿ, ಮಂದಿ ಮುಟ್ಟಿಬಂದದ್ದು ಏನೇ ಇರಲಿ, ನೀರು ಕಾಣದೆ ಅತ್ತೆಯ ಹೊಸ್ತಿಲು ದಾಟುವಂತಿರಲಿಲ್ಲ. ಕ್ಯಾಮೆರಾ ಗೂಟಕ್ಕಿತ್ತು, ಬಚಾವಾಯಿತು. ಬಿಚ್ಚಿಟ್ಟ ರೋಲು ಇದ್ದ ಬಟ್ಟೆಯ ಚೀಲವನ್ನು ಮಾತ್ರ ಅತ್ತೆ ಬಟ್ಟೆಗಳ ಜೊತೆ ಬಚ್ಚಲ ತೊಟ್ಟಿಯಲ್ಲಿ ಮುಳುಗಿಸಿಬಿಟ್ಟಿದ್ದರು.

ನನಗೆ ಎಲ್ಲಿತ್ತೋ ಆ ಸಿಟ್ಟು! "ಬೇಕಂತನಽ ಮಾಡೀರಿ! ಅದರಾಗ ನಮ್ಮಿಬ್ಬರ ಫೋಟೊ ಅದ ಅಂತ ಗೊತ್ತಾಗೇ ಮಾಡೀರಿ!" ಎಂದು ಚೀರಿದೆ. ಗುಟ್ಟೂ ಹೋಯಿತು, ಮಾನವೂ ಹೋಯಿತು. ಅತ್ತೆ ಒದ್ದೆ ಕೈಯಲ್ಲಿ ಹಾಗೇ ನಿಂತರು.

ಇವರು ಎಸ್‌ಟಿಡಿ ಅಂಗಡಿಗೆ ಓಡಿ ಮೆಹತಾಬನಿಗೆ ಫೋನು ಹಚ್ಚಿದರು. ರೋಲನ್ನು ಒಣಗಿಸಬಾರದಂತೆ, ಒಣಗಿದರೆ ಸುರುಳಿ ಅಂಟಿಕೊಂಡು ಎಲ್ಲವೂ ಹೋಗುತ್ತದಂತೆ. ನೀರಿನಲ್ಲೇ ಇಟ್ಟು ತರಬೇಕು. ಯಾವುದರಲ್ಲಿ ಎಂದು ನಾನು ಹುಡುಕುತ್ತಿರುವಾಗ ಅತ್ತೆ ಒಳಗಿನಿಂದ ತಮ್ಮ ಫಿರಕಿ ತಂಬಿಗೆ ತಂದು ಮುಂದಿಟ್ಟರು. ತಿರುಪಿನ ಮುಚ್ಚಳದ ಆ ಹಿತ್ತಾಳೆ ತಂಬಿಗೆ ಅವರ ಪ್ರಯಾಣದ ಮಡಿನೀರಿನದು. ಊರು ಬಿಟ್ಟರೆ ಅದರಲ್ಲಿನ ನೀರಲ್ಲದೆ ಬೇರೆ ಹನಿ ಬಾಯಿಗೆ ಹಾಕುತ್ತಿರಲಿಲ್ಲ. ನನಗೆ ಅದನ್ನು ಮುಟ್ಟುವ ಅಧಿಕಾರವಿರಲಿಲ್ಲ.

"ತಂಬಿಗಿ ನಂದು. ನಾನಽ ಹಿಡ್ಕೊಂಡು ಬರ್ತೀನಿ," ಅಂದರು.

ಮರುದಿನ ಬೆಳಗಿನ ಪ್ಯಾಸೆಂಜರಿಗೆ ಮೂವರೂ ಹತ್ತಿದೆವು. ಅತ್ತೆ ತಂಬಿಗೆಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತರು. ಚಿತ್ತಾಪುರ ದಾಟುವವರೆಗೂ ನಾನು ಅವರ ಕಡೆ ನೋಡಲಿಲ್ಲ. ವಾಡಿಯಲ್ಲಿ ಗಾಡಿ ಬದಲಿಸಬೇಕಿತ್ತು; ಮುಂದಿನ ಗಾಡಿ ಎರಡು ತಾಸು ತಡ. ಮೇ ತಿಂಗಳ ಬಿಸಿಲು, ಸಿಮೆಂಟಿನ ಧೂಳು. ನಾನೂ ಇವರೂ ನಳದ ನೀರು ಕುಡಿದೆವು. ಅತ್ತೆಯ ತುಟಿ ಒಣಗಿ ಬೆಳ್ಳಗಾಗಿತ್ತು. ಅವರು ಕುಡಿಯುವ ತಂಬಿಗೆಯಲ್ಲಿ ನನ್ನ ಫೋಟೊ ಇದೆ ಎನ್ನುವುದು ಆಗ ಹೊಳೆಯಿತು.

"ನೀರು ತರ್ಲೇನ್ರಿ?" ಅಂದೆ.

"ಬ್ಯಾಡ. ನಿಂದು ಮೊದಲು ಉಳೀಲಿ," ಅಂದರು.

ಶಹಾಬಾದಿನ ಸ್ಟುಡಿಯೋದಲ್ಲಿ ಮೆಹತಾಬ ರೋಲು ತೆಗೆದುಕೊಂಡು ಕತ್ತಲೆ ಕೋಣೆಗೆ ಹೋದ. ನಾನು ತಂಬಿಗೆ ತೊಳೆದು, ಮೂಲೆಯ ಮಣ್ಣಿನ ಗಡಿಗೆಯಿಂದ ತುಂಬಿಸಿ ಅತ್ತೆಯ ಮುಂದೆ ಹಿಡಿದೆ. ಎಲ್ಲಿಯ ನೀರೆಂದು ಅವರು ಕಣ್ಣಾರೆ ಕಂಡಿದ್ದರು. ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಎತ್ತಿ, ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು. ನಾನು ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ.

ಮಧ್ಯಾಹ್ನ ಮೆಹತಾಬ ಹೊರಗೆ ಬಂದ. ಮುಖ ಸಣ್ಣದಾಗಿತ್ತು. "ಮಾಸ್ತರ, ಹಕ್ಕಿ ಎಲ್ಲಾ ಬರಬಾದ್ ಆಗ್ಯಾವ. ಖರೆ, ಕೊನೀದು ಸುರುಳಿ ಒಳಗಿಂದು ನೋಡ್ರಿ, ಅದಕ್ಕ ನೀರು ಕಮ್ಮಿ ಹತ್ತ್ಯಾದ," ಎಂದು ಒಂದು ಒದ್ದೆ ಫೋಟೊ ಕೊಟ್ಟ.

ಅಂಚೆಲ್ಲ ಕಲೆ. ನಡುವೆ ನಾವಿಬ್ಬರು. ನಾನು ಹಲ್ಲು ಕಾಣುವ ಹಾಗೆ ನಕ್ಕಿದ್ದೆ; ಇವರು ಆಗಲೂ ಕೊಂಬೆಯ ಕಡೆಯೇ ನೋಡುತ್ತಿದ್ದರು. ರಾಜಹಕ್ಕಿ ಹೋಯಿತೆಂದು ಇವರ ಕಣ್ಣಲ್ಲಿ ನೀರು. ಆದರೂ, "ನಿಂದು ಉಳೀತು ಬಿಡು," ಅಂದರು.

ಅತ್ತೆ ಫೋಟೊವನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಯ್ಯುತ್ತಾರೆಂದು ಕಾದೆ.

"ನಾ ನಮ್ಮವರ ಬಾಜೂಕ ಒಂದಿನಾನೂ ನಿಂದರಲಿಲ್ಲ," ಅಂದರು. "ಆಯುಷ್ಯ ಉಳೀತದ ಅಂದ್ರು. ಎಲ್ಲಿ ಉಳೀತು?"

ಸೆರಗಿನ ಗಂಟು ಬಿಚ್ಚಿದರು. ಒಳಗೆ ಮಾವನವರ ಬೆರಳುದ್ದದ ಹಳೆಯ ಫೋಟೊ. ಸೇಡಂನಿಂದಲೇ ಕಟ್ಟಿಕೊಂಡು ಬಂದಿದ್ದರು.

"ಮೆಹತಾಬ, ನನ್ನ ತೆಗದು ಇವರ ಬಾಜೂಕ ಕೂಡಸ್ಲಿಕ್ಕ ಬರ್ತದೇನಪಾ?"

"ಬರ್ತದ ಅಮ್ಮಾ. ಖರೆ... ಅವರು ಜವಾನ್ ಅದಾರ."

"ನಾ ಮುದುಕಿ ಅಂತೀ ಏನು? ನೋಡಿದವ್ರು ತಾಯಿ ಮಗ ಅಂತಾರ. ಅನ್ಲಿ. ನಾ ಯಾರಂತ ಇವರಿಗೆ ಗೊತ್ತದ."

ನಾನೇ ಅವರ ಸೆರಗು ಸರಿಮಾಡಿ ಬೆಂಚಿನ ಮೇಲೆ ಕೂಡಿಸಿದೆ. ಮೆಹತಾಬ ಕ್ಯಾಮೆರಾದ ಹಿಂದೆ ಬಗ್ಗಿ, ಮೆಲ್ಲಗೆ ಹೇಳಿದ:

"ಅಮ್ಮಾ, ಸ್ವಲ್ಪ ಎಡಕ್ಕ ಸರೀರಿ. ಅವರಿಗೆ ಜಾಗಾ ಬಿಡ್ರಿ."

ಅತ್ತೆ ಸರಿದು ಕೂತರು.