ಗೇಟಿನ ಮುಂದಿನ ಚಿಲ್ಲರೆ

"ದೊಡ್ಡವ್ವಾ, ಅದನ್ನ ಯಾಕ..." ಎಂದು ಯಲ್ಲೇಶ್ ಬಾಯಿ ತೆರೆದ.

"ಸುಮ್ಕಿರಲೇ," ಎಂದಳು ತಾಯಕ್ಕ. ಗಂಡ ಪಕ್ಕೀರಪ್ಪನ ಹಣೆಗೆ ಅರಿಸಿನದಲ್ಲಿ ನಾಣ್ಯ ಒತ್ತಿ, ಸುತ್ತ ವಿಭೂತಿ ಬಳಿದು, ನಾಣ್ಯದ ಮೇಲೆ ಬಿದ್ದದ್ದನ್ನು ಸೆರಗಿನ ತುದಿಯಿಂದ ಒರೆಸಿದಳು. ಸತ್ತವರ ಹಣೆಗೆ ಕಾಸಿಡುವುದು ಅವರ ಮನೆತನದ ಪದ್ಧತಿ. ಯಾವ ಕಾಸೆಂದು ಕೇಳುವ ಪದ್ಧತಿ ಇಲ್ಲ. ಮೈದುನನ ಮಗ ಯಲ್ಲೇಶ್ ಚುರುಮುರಿಯ ಬುಟ್ಟಿ ತರಲು ಎದ್ದ.

ಅಷ್ಟರಲ್ಲಿ ಹೋಂಸ್ಟೇ ಮಾಲೀಕ ದೊಡ್ಡಬಸಪ್ಪ ಬಂದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಿಳಿ ಪಂಚೆ. ಚಪ್ಪಲಿ ಬಿಡದೆ ಹೊಸ್ತಿಲಾಚೆಯೇ ನಿಂತ.

"ಭಾಳ ಒಳ್ಳೆ ಮನಷ್ಯಾ ಇದ್ದ ತಾಯಕ್ಕ. ಇರ್ಲಿ, ಆ ಕಾಸಿನ ಡಬ್ಬಿ ಜ್ವಾಪಾನ ಐತಿಲ್ಲ? ಬ್ಯಾರೆ ಯಾರ್ಗೂ ಕೊಡಬ್ಯಾಡ. ಹೋಂಸ್ಟೇದಾಗ ಗಾಜಿನ ಕಪಾಟ್ ಮಾಡಿಸಿಟ್ಟೀನಿ. ಆ ಬೆಳ್ಳಿ ರೂಪಾಯಿ ನಟ್ಟನಡುವ ಇಡಾದು."

"ಒಳಗ ಬರ್ರಿ ಸಾವ್ಕಾರ್ರ. ಒಂದ್ಸಲ ಮಖಾ ನೋಡ್ರಿ."

"ಇಲ್ಲಿಂದಾನ ಕಾಣ್ತೈತಿ ಬಿಡು."

ಸಾವಿಗೆ ಬಂದವನಲ್ಲ, ಡಬ್ಬಿಗೆ ಬಂದವನು. ತಾಯಕ್ಕನ ಕಣ್ಣೀರು ಅಲ್ಲಿಗೇ ನಿಂತಿತು.

"ಆಯ್ತ್ರಿ. ನಿಮ್ಮ ಗೇಟಿನ ಮುಂದಾನ ಹೋಗ್ತೀವಲ್ಲ, ಅಲ್ಲೇ ಡಬ್ಬಿ ಬಿಡ್ತೀನಿ," ಎಂದಳು.

*

ಕಡ್ಡಿರಾಂಪುರದ ರಸ್ತೆಯಲ್ಲಿ ದೊಡ್ಡಬಸಪ್ಪನ ಗೇಟಿನ ಎದುರಿಗೇ ಪಕ್ಕೀರಪ್ಪನ ಪಂಕ್ಚರ್ ಅಂಗಡಿ. ಬಾಡಿಗೆ ಸೈಕಲ್ಲಿನಲ್ಲಿ ಹಂಪಿಗೆ ಹೊರಟ ಫಾರಿನ್ನಿನವರು ಖುಷಿಗೆ ತಮ್ಮ ದೇಶದ ಚಿಲ್ಲರೆ ಕೊಟ್ಟು ಹೋಗುತ್ತಿದ್ದರು. ಅವನೆಂದೂ ಬಾಯಿಬಿಟ್ಟು ಕೇಳಿದವನಲ್ಲ. ಬಿಸ್ಕತ್ತಿನ ಡಬ್ಬಿ ತನ್ನ ಪಾಡಿಗೆ ನಿಧಾನವಾಗಿ ತುಂಬುತ್ತಿತ್ತು.

ವರ್ಷಗಳ ಹಿಂದೆ ಒಂದು ದಿನ ಹೋಂಸ್ಟೇಯಲ್ಲಿ ಇಳಿದುಕೊಂಡಿದ್ದವಳ ನಾಣ್ಯವೊಂದು ಕಾಣೆಯಾಯಿತು. ದೊಡ್ಡಬಸಪ್ಪ ನೇರ ಬಂದವನೇ ಡಬ್ಬಿಯನ್ನು ರಸ್ತೆಗೆ ಬೋರಲು ಹಾಕಿದ.

"ಮಣಕಾಲೂರಿ ಆರ್ಸಲೇ ಕಳ್ಳ. ಒಂದೊಂದಾ ತೋರ್ಸು."

ಪಕ್ಕೀರಪ್ಪ ಆರಿಸಿದ. ಬಸ್ಸು ನಿಧಾನ ಮಾಡಿತು, ಜನ ಕಿಟಕಿಯಿಂದ ಬಗ್ಗಿ ನೋಡಿದರು. ಸಂಜೆಗೆ ನಾಣ್ಯ ಆ ಹೆಣ್ಣುಮಗಳ ಚೀಲದಲ್ಲೇ ಸಿಕ್ಕಿತು. ತಪ್ಪಾಯಿತು ಎನ್ನುವ ಬದಲು ದೊಡ್ಡಬಸಪ್ಪ ಒಂದು ಟೀ ಕಳಿಸಿದ. ಪಕ್ಕೀರಪ್ಪ ಅದನ್ನು ಮೋರಿಗೆ ಚೆಲ್ಲಿದ.

"ನಡಿ, ಸ್ಟೇಷನ್ನಿಗೆ ಹೋಗಾನು," ಎಂದು ತಾಯಕ್ಕ ಕೂಗಾಡಿದಳು.

"ತಡಿ," ಎಂದ ಅವನು. "ಅವನೂ ಅಲ್ಲೇ ಮಣಕಾಲೂರ್ತಾನ. ಅವಸರ ಬ್ಯಾಡ."

ಊರವರು ಅವನನ್ನು ಸಮಾಧಾನಿ ಎಂದು ಹೊಗಳಿದರು. ಅದು ಸಾಧುವಿನ ಸಮಾಧಾನವಲ್ಲ, ಹೊಂಚು ಹಾಕಿದ ಬೆಕ್ಕಿನದು. ಮುಂದೆ ದೊಡ್ಡಬಸಪ್ಪನಿಗೂ ನಾಣ್ಯದ ಹುಚ್ಚು ಹತ್ತಿತು. ಅವನಿಗೆ ಬೇಕಾದದ್ದು ಮೂವತ್ತೊಂಬತ್ತನೇ ಇಸವಿಯ, ಬ್ರಿಟಿಷ್ ರಾಜನ ತಲೆಯ ಬೆಳ್ಳಿ ರೂಪಾಯಿ. ಎಷ್ಟು ದುಡ್ಡು ಸುರಿಯುತ್ತೇನೆಂದರೂ ಸಿಗದ್ದು.

ಅದು ಕಂಪ್ಲಿಯ ಹುಲುಗಮ್ಮನೆಂಬ ಮುದುಕಿಯ ಎಲೆಅಡಿಕೆ ಚೀಲದಲ್ಲಿದೆ ಎಂದು ಪಕ್ಕೀರಪ್ಪನಿಗೆ ಗೊತ್ತಿತ್ತು. ವರ್ಷಗಟ್ಟಲೆ ಕಂಪ್ಲಿ ಸಂತೆಗೆ ಹೋಗಿ, ಅವಳ ಪಕ್ಕ ಕೂತು ಎಲೆ ಹಾಕಿಕೊಂಡು ಬಂದ. ರೂಪಾಯಿಯ ಮಾತೆತ್ತಲಿಲ್ಲ. ಕೊನೆಗೆ ಅವಳೇ ಕೈಗಿಟ್ಟಳು.

"ತಗಾಪಾ. ಇದನ್ನ ಕೇಳ್ದಂಗ ನನ್ನ ನೋಡಾಕ ಬಂದೋನು ನೀನೊಬ್ನ."

ಆ ಮಾತಿಗೆ ಅವನಿಗೆ ನಾಚಿಕೆಯಾಯಿತಂತೆ. ಆದರೂ ಊರಿಗೆ ಬಂದವನೇ ಅಂಗಡಿಯ ಮುಂದೆ ನಿಂತು, ಗೇಟಿನಿಂದ ಕಾಣುವ ಹಾಗೆ ಅದನ್ನು ಅಂಗೈಯಲ್ಲಿ ಹೊರಳಾಡಿಸಿ ಡಬ್ಬಿಗೆ ಹಾಕಿದ. ಅಂದಿನಿಂದ ದೊಡ್ಡಬಸಪ್ಪ ಎಷ್ಟು ಅಂಗಲಾಚಿದರೂ ಒಂದೇ ಉತ್ತರ.

"ನಾ ಸತ್ತ ಮ್ಯಾಲೆ ನೋಡಾನು ಸಾವ್ಕಾರ್ರ."

*

ಹಲಗೆ ಬಡಿತದ ಸದ್ದಿನೊಂದಿಗೆ ಚಟ್ಟ ಗೇಟಿನ ಮುಂದೆ ಬಂತು. ದೊಡ್ಡಬಸಪ್ಪ ಆಗಲೇ ಹೊರಗೆ ನಿಂತಿದ್ದ. ದಾರಿಯುದ್ದಕ್ಕೂ ಚುರುಮುರಿ, ಚಿಲ್ಲರೆ ತೂರುತ್ತ ಬಂದಿದ್ದ ಯಲ್ಲೇಶನ ಬುಟ್ಟಿಯನ್ನು ತಾಯಕ್ಕ ಕಸಿದುಕೊಂಡಳು. ಡಬ್ಬಿಯನ್ನು ಅದಕ್ಕೆ ಸುರಿದು ಕಲಸಿ, ಎರಡೂ ಕೈಯಿಂದ ಚಟ್ಟದ ಮೇಲಕ್ಕೆ ತೂರಿದಳು. ಹಲವು ದೇಶದ ಕಾಸು ಟಣಟಣ ಎನ್ನುತ್ತ ರಸ್ತೆಗೆ ಬಿದ್ದವು.

"ಏ ತಾಯಕ್ಕ! ಹುಚ್ಚು ಹಿಡೀತೇನ? ಅದ್ರಾಗ ರೂಪಾಯಿ ಐತಿ!"

"ಡಬ್ಬಿ ಇಲ್ಲೇ ಬಿಡ್ತೀನಿ ಅಂದಿದ್ನೆಲ್ರಿ. ಹೆಣದ ಮ್ಯಾಲೆ ತೂರಿದ್ದು ಸಿಕ್ಕೋರ್ದು. ಆರಿಸ್ಕೊರ್ರಿ."

ಓಣಿಯ ಹುಡುಗರು ನುಗ್ಗಿದರು. ದೊಡ್ಡಬಸಪ್ಪ ಸುತ್ತಲಿನವರ ಮುಖ ನೋಡಿದ. ನಾಚಿಕೆಯೂ ಆಯಿತು. ಆದರೆ ಹುಡುಗನೊಬ್ಬ ಬೆಳ್ಳಗಿನದೇನನ್ನೋ ಹೆಕ್ಕಿದ್ದೇ ತಡ, ಸಾವ್ಕಾರನ ಎರಡೂ ಮಂಡಿ ನೆಲಕ್ಕೆ ಬಿದ್ದವು.

"ಬಿಡ್ರಲೇ! ನಂದದು, ಬಿಡ್ರಲೇ!"

ಬಿಳಿ ಪಂಚೆ ಕೆಮ್ಮಣ್ಣಾಯಿತು. ಹಿಂದೆ ಬಸ್ಸೊಂದು ನಿಂತು, ಕಿಟಕಿಗಳಲ್ಲಿ ತಲೆಗಳು ಮೂಡಿದವು. ತಾಯಕ್ಕನಿಗೆ ಹೊಟ್ಟೆ ತಣ್ಣಗಾಯಿತು.

"ದೊಡ್ಡಪ್ಪ ನೋಡ್ಬೇಕಿತ್ತು," ಎಂದ ಯಲ್ಲೇಶ್.

"ಇಲ್ಲೇ ಅದಾನಲ್ಲೋ. ಏ ಹೊತ್ತೋರು, ಒಂಚೂರು ನಿಲ್ರಿ. ಅವಸರ ಬ್ಯಾಡ."

ಚಟ್ಟ ನಿಂತಿತು. ಹೆಗಲೆತ್ತರದಲ್ಲಿ, ಪಕ್ಕೀರಪ್ಪನ ಹಣೆಯ ಮೇಲೆ, ರಾಜನ ತಲೆಯ ಬೆಳ್ಳಿ ರೂಪಾಯಿ ಬಿಸಿಲಿಗೆ ಹೊಳೆಯಿತು. ಅದರ ಕೆಳಗೆ ದೊಡ್ಡಬಸಪ್ಪ ತಲೆ ಎತ್ತದೆ, ಚುರುಮುರಿಯನ್ನು ಬೆರಳಿನಿಂದ ಸರಿಸುತ್ತ, ರಸ್ತೆಯ ಮಣ್ಣು ಕೆದಕುತ್ತಿದ್ದ.